ಅಮ್ಮಾನ್‌ಗೆ ಮರಳಿ ಹೋಗಿ ಪಾಠ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕವಳಿದ್ದಾಗ ಯುದ್ಧದಿಂದ ತಪ್ಪಿಸಿಕೊಂಡು ಜೋರ್ಡಾನಿನ ರಾಜಧಾನಿ ಅಮ್ಮಾನ್ ಮೂಲಕ ಊರಿಗೆ ಬಂದವಳು ನಾನು. ಈಗ ಅಲ್ಲಿಗೇ ಹೋಗಿ ನಿರಾಶ್ರಿತರ ಮಕ್ಕಳಿಗೆ ಪಾಠ ಹೇಳುತ್ತೇನೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡದವರ ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗ, ಮದುವೆ ಮನೆಯಲ್ಲಿ, ಒಮ್ಮೊಮ್ಮೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲೂ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವರಿಗೆ ಕುತೂಹಲ. ಕೆಲವರಿಗೆ ನಿಜವಾಗಿಯೂ ಹೋಗುವ ಮನಸ್ಸಿದೆ. ಇಬ್ಬರಿಗೂ ಸೇರಿಸಿ ಬರೆದಿದ್ದೇನೆ.

ನೀವು ನಿರಾಶ್ರಿತರಾಗಿದ್ದು ಯಾವಾಗ?

1990ರಲ್ಲಿ. ಅಪ್ಪ ಕುವೈತಿನಲ್ಲಿ ಕಟ್ಟಡ ಕಟ್ಟುವ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದೆ. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಶಾಲೆಗೆ ರಜೆ ಇದ್ದದ್ದರಿಂದ ನಮ್ಮ ಬಿಲ್ಡಿಂಗಿನ ಎಷ್ಟೋ ಮನೆಯವರು ಊರಿಗೆ ಬಂದಿದ್ದರು. ಅಪ್ಪನಿಗೆ ಆ ವರ್ಷ ರಜೆ ಸಿಕ್ಕಿರಲಿಲ್ಲ. ನಾವು ಅಲ್ಲೇ ಉಳಿದಿದ್ದೆವು.

ಕೈಯಲ್ಲಿದ್ದ ಕುವೈತಿ ದಿನಾರಿಗೆ ಬೆಲೆ ಇಲ್ಲದಂತಾಯಿತು. ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನಿನ ರುವೈಶಿದ್ ಗಡಿ. ಗಡಿಯ ಹತ್ತಿರ ಬಟ್ಟಬಯಲಿನಲ್ಲಿ ಡೇರೆಗಳು. ಈಜಿಪ್ಟಿನವರು, ಶ್ರೀಲಂಕಾದವರು, ಬಾಂಗ್ಲಾದೇಶದವರು, ಫಿಲಿಪೀನ್ಸಿನವರು, ನಾವು. ನೀರಿನ ಟ್ಯಾಂಕರ್ ಬಂದರೆ ಸಾಕು, ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ಆ ಗದ್ದಲದಲ್ಲಿ ಕಳೆದುಹೋಗಬಾರದು ಅಂತ ಅಮ್ಮ ಸೀರೆಯ ಸೆರಗನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಲಾರಿಯಲ್ಲಿ ಬಂದ ರೊಟ್ಟಿಯ ಮೇಲೆ ಮರಳು ಕೂತಿರುತ್ತಿತ್ತು. ಕೈಯಿಂದ ಕೊಡವಿ ತಿನ್ನುತ್ತಿದ್ದೆವು.

ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿಸಿದರು. ಮುಂಬಯಿಯ ಸಹಾರ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ಡೊಂಬಿವಲಿಯಲ್ಲಿ ಸೋದರಮಾವನ ಒಂದೇ ಕೋಣೆಯ ಮನೆ ಇತ್ತು. ಅಲ್ಲಿಗೆ ಬಂದೆವು, ಅಲ್ಲೇ ಬೇರು ಬಿಟ್ಟೆವು.

ವಿಮಾನದಲ್ಲಿ ಕರೆದುಕೊಂಡು ಬಂದರಲ್ಲ, ಅದು ನಿರಾಶ್ರಿತರು ಅಂತ ಲೆಕ್ಕಕ್ಕೆ ಬರುತ್ತಾ?

ಕಾನೂನಿನ ಲೆಕ್ಕದಲ್ಲಿ ಬರುವುದಿಲ್ಲ. ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ, ತನ್ನ ದೇಶಕ್ಕೆ ಹಿಂದಿರುಗಿದರೆ ಕಿರುಕುಳ ಆದೀತು ಎಂಬ ಭಯ ಇದ್ದು ಹೊರಗೆ ಉಳಿದವರು ನಿರಾಶ್ರಿತರು. ನಮಗೆ ಹಿಂದಿರುಗಲು ದೇಶ ಇತ್ತು. ಕಾಗದದಲ್ಲಿ ನಾವು ಬರೀ ತೆರವು ಮಾಡಿಸಿದ ಜನ. ಡೇರೆಯಲ್ಲಿ ಇದ್ದಾಗ ಈ ವ್ಯತ್ಯಾಸ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಿರಾಶ್ರಿತರು ಅಂತಲೇ ಕರೆದರು, ನಾವೂ ಹಾಗೇ ಕರೆದುಕೊಂಡೆವು.

ಆದರೆ ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ. ನಾನು ಮತ್ತೆ ಅಲ್ಲಿಗೆ ಹೋಗುವುದಕ್ಕೆ ಕಾರಣವೇ ಅದು. ಕುವೈತ್ ಮತ್ತು ಇರಾಕಿನಲ್ಲಿ ಸಿಕ್ಕಿಕೊಂಡಿದ್ದ ಸುಮಾರು 1,70,000 ಭಾರತೀಯರನ್ನು ಎರಡು ತಿಂಗಳ ಆಸುಪಾಸಿನಲ್ಲಿ ಕರೆತಂದರು. ಏರ್ ಇಂಡಿಯಾದ್ದೇ 488 ಹಾರಾಟ. ಆಗ ವಿ.ಪಿ. ಸಿಂಗ್ ಪ್ರಧಾನಿ, ಐ.ಕೆ. ಗುಜ್ರಾಲ್ ವಿದೇಶಾಂಗ ಮಂತ್ರಿ. ಗುಜ್ರಾಲ್ ಅವರು ಬಾಗ್ದಾದಿಗೇ ಹೋಗಿ ಮಾತಾಡಿದರು. ನಮ್ಮನ್ನು ಕೇಳುವವರು ಇದ್ದರು, ಅಲ್ವಾ? ಇವತ್ತು ಅಮ್ಮಾನಿನಲ್ಲಿ ನನ್ನ ಎದುರು ಕೂರುವ ಮಕ್ಕಳಿಗೆ ಅಂಥ ವಿಮಾನ ಬರುವುದಿಲ್ಲ. ಅವರು ಇರುವ ಕಡೆಯೇ ಓದು ಸಿಗಬೇಕು, ಆ ವಯಸ್ಸಿನಲ್ಲೇ ಸಿಗಬೇಕು.

ಪರಿಹಾರ ಸಿಕ್ಕಿತಾ?

ಸಿಕ್ಕಿತು, ತಡವಾಗಿ. 1991ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗ ಮಾಡಿತು. ಇರಾಕಿನ ತೈಲ ಮಾರಾಟದ ಹಣದಿಂದ ಕೊಟ್ಟರು. ಆ ಹಣದಲ್ಲಿ ಅಪ್ಪ ಸಾಲ ತೀರಿಸಿದರು.

ಕುವೈತಿನಲ್ಲಿ ಬೆಳೆದವರು ಜೋರ್ಡಾನಿಗೆ ಹೋಗುವುದು ಯಾಕೆ?

ಕುವೈತಿಗೆ ನಾವು ದುಡಿಯಲು ಹೋಗಿದ್ದವರು. ಜೋರ್ಡಾನಿಗೂ ನಮಗೂ ಏನೂ ಸಂಬಂಧ ಇರಲಿಲ್ಲ. ಆದರೂ ಆ ಚಿಕ್ಕ ದೇಶ ಲಕ್ಷಗಟ್ಟಲೆ ಜನರನ್ನು ಗಡಿಯೊಳಗೆ ಬಿಟ್ಟುಕೊಂಡಿತು. ಅಲ್ಲಿ ನೀರಿಗೇ ಬರ. ಈಗಲೂ ಅಮ್ಮಾನಿನ ಎಷ್ಟೋ ಬಡಾವಣೆಗಳಿಗೆ ಕೊಳಾಯಿ ನೀರು ವಾರಕ್ಕೊಮ್ಮೆ ಬರುತ್ತದೆ. ಮನೆ ಮನೆಯ ತಾರಸಿ ಮೇಲೆ ಟ್ಯಾಂಕುಗಳ ಸಾಲು. ನಮ್ಮ ಕಲ್ಯಾಣ್ ಡೊಂಬಿವಲಿ ಕಡೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಊರು ನಮಗೆ ನೀರು ಕೊಟ್ಟಿತ್ತು ಅಂತ ದೊಡ್ಡವಳಾದ ಮೇಲೆ ಅರ್ಥವಾಯಿತು.

ಅಲ್ಲಿ ಯಾರ ಮಕ್ಕಳಿಗೆ ಪಾಠ?

1948 ಮತ್ತು 1967ರಲ್ಲಿ ಬಂದ ಪ್ಯಾಲೆಸ್ಟೀನಿಯರ ಮೊಮ್ಮಕ್ಕಳಿಗೆ ವಿಶ್ವಸಂಸ್ಥೆಯ ಬೇರೆ ಶಾಲೆಗಳಿವೆ. 2003ರ ನಂತರ ಇರಾಕಿನವರು ಬಂದರು. 2011ರ ನಂತರ ಸಿರಿಯಾದವರು. ಜೊತೆಗೆ ಯೆಮೆನ್, ಸುಡಾನ್, ಸೊಮಾಲಿಯಾದವರೂ ಇದ್ದಾರೆ.

ಟಿವಿಯಲ್ಲಿ ತೋರಿಸುವುದು ಯಾವಾಗಲೂ ಜಾತರಿ ಶಿಬಿರವನ್ನೇ. 2012ರ ಜುಲೈಯಲ್ಲಿ ಶುರುವಾದದ್ದು, ಸಿರಿಯಾ ಗಡಿಗೆ ಸುಮಾರು 12 ಕಿಲೋಮೀಟರ್. ಆದರೆ ಸಿರಿಯಾದವರಲ್ಲಿ ಹತ್ತಕ್ಕೆ ಎಂಟು ಮಂದಿ ಶಿಬಿರದಲ್ಲಿ ಇರುವುದೇ ಇಲ್ಲ. ಊರಿನೊಳಗೆ ಬಾಡಿಗೆ ಮನೆಗಳಲ್ಲಿದ್ದಾರೆ. ನಾನು ಪಾಠ ಮಾಡುವುದು ಪೂರ್ವ ಅಮ್ಮಾನಿನ ಬೆಟ್ಟದ ಮೇಲಿನ ಒಂದು ಸಣ್ಣ ಕಲಿಕಾ ಕೇಂದ್ರದಲ್ಲಿ. ಮೆಟ್ಟಿಲು ಹತ್ತಿ ಹತ್ತಿ ಮೊದಲ ವಾರ ಕಾಲು ನೋಯುತ್ತದೆ.

ಸರ್ಕಾರಿ ಶಾಲೆಗಳಿವೆಯಲ್ಲ? ನೀವು ಯಾಕೆ ಬೇಕು?

ಒಳ್ಳೆಯ ಪ್ರಶ್ನೆ. ಹೋಗುವ ಮನಸ್ಸಿರುವವರು ಮೊದಲು ಕೇಳಬೇಕಾದದ್ದೇ ಇದು.

ಜೋರ್ಡಾನ್ ಸರ್ಕಾರ 200ಕ್ಕೂ ಹೆಚ್ಚು ಶಾಲೆಗಳಲ್ಲಿ ಎರಡು ಪಾಳಿ ಮಾಡಿತು. ಬೆಳಿಗ್ಗೆ ಅಲ್ಲಿನ ಮಕ್ಕಳು, ಮಧ್ಯಾಹ್ನ ಸಿರಿಯಾದ ಮಕ್ಕಳು. ದೊಡ್ಡ ಕೆಲಸವೇ. ಆದರೆ ಪಾಳಿ ಶಾಲೆಯಲ್ಲಿ ಪಿರಿಯಡ್ಡುಗಳು ಚಿಕ್ಕದಾಗುತ್ತವೆ, ಚಳಿಗಾಲದಲ್ಲಿ ಮಕ್ಕಳು ಮನೆಗೆ ಹೋಗುವಷ್ಟರಲ್ಲಿ ಕತ್ತಲು. ಆಟಕ್ಕೆ ಹೊತ್ತೇ ಸಿಗುವುದಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಮೂರು ವರ್ಷ ಅಥವಾ ಹೆಚ್ಚು ಕಾಲ ಶಾಲೆ ತಪ್ಪಿಸಿಕೊಂಡ ಮಗುವಿಗೆ ಮಾಮೂಲಿ ಶಾಲೆಗೆ ನೇರವಾಗಿ ಸೇರಲು ನಿಯಮ ಬಿಡುವುದಿಲ್ಲ. ಯುದ್ಧದಲ್ಲಿ ಓಡಾಡಿದ ಮಕ್ಕಳಿಗೆ ಮೂರು ವರ್ಷ ಹೋಗುವುದು ಸುಲಭ. ಅಂಥವರಿಗೆ 9ರಿಂದ 12ರವರೆಗೆ ಒಂದು ಬಗೆಯ ತರಗತಿ, 13 ದಾಟಿದವರಿಗೆ ಬೇರೆ. ಈ ತರಗತಿಗಳ ಅಂಚಿನಲ್ಲಿ ನಮ್ಮಂಥವರ ಕೆಲಸ: ಓದು ಬರಹ ಸರಿಮಾಡುವುದು, ಇಂಗ್ಲಿಷ್, ಗಣಿತ, ಹೋಮ್‌ವರ್ಕ್.

ಕಾಗದದ ತೊಂದರೆಯೂ ಇದೆ. 2016ರಲ್ಲಿ ಸರ್ಕಾರ ಗುರುತಿನ ಪತ್ರ ಇಲ್ಲದ ಮಕ್ಕಳನ್ನೂ ತಾತ್ಕಾಲಿಕವಾಗಿ ಸೇರಿಸಿಕೊಳ್ಳಲು ಹೇಳಿತು. ಇದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಕುವೈತಿನಿಂದ ಬಂದಾಗ ನನ್ನ ಹತ್ತಿರ ಟಿಸಿ ಇರಲಿಲ್ಲ. ಶಾಲೆಯೇ ಮುಚ್ಚಿತ್ತು, ಯಾರು ಕೊಡಬೇಕು? ಇಲ್ಲಿ ಒಂದು ಶಾಲೆಯಲ್ಲಿ ಟಿಸಿ ತಂದರೆ ಮಾತ್ರ ಸೀಟು ಅಂದರು. ಇನ್ನೊಂದು ಶಾಲೆಯ ಟೀಚರ್ ಕಪ್ಪು ಹಲಗೆಯ ಮೇಲೆ ಒಂದು ಭಾಗಾಕಾರ ಬರೆದು ಮಾಡು ಅಂದರು, ಮಾಡಿದೆ. ಹೋಗಿ ಮೂರನೇ ಬೆಂಚಿನಲ್ಲಿ ಕೂತ್ಕೋ ಅಂದರು. ಅಷ್ಟೇ. ಕಾಗದ ಆಮೇಲೆ ನೋಡಿಕೊಂಡರು.

ಅರಬ್ಬಿ ಭಾಷೆ ಬರಬೇಕಾ?

ಪೂರ್ತಿ ಬರಬೇಕಾಗಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ವಿಷಯಗಳೆಲ್ಲ ಅರಬ್ಬಿಯಲ್ಲೇ, ಹಾಗಾಗಿ ಇಂಗ್ಲಿಷ್ ಬಿಟ್ಟು ಬೇರೆ ಕಲಿಸಬೇಕಾದರೆ ಅರಬ್ಬಿ ಬೇಕೇ ಬೇಕು. ಇಂಗ್ಲಿಷ್ ಕಲಿಸುವವರಿಗೂ ಕೂತ್ಕೋ, ನೋಡು, ಇನ್ನೊಂದು ಸಲ, ಶಾಬಾಶ್ ಇಷ್ಟಾದರೂ ಬರಲಿ. ನನಗೆ ಚಿಕ್ಕಂದಿನ ಬೀದಿ ಅರಬ್ಬಿ ಸ್ವಲ್ಪ ಉಳಿದಿತ್ತು. ಅದರಲ್ಲಿ ಕುವೈತಿನ ಧಾಟಿ ಇದೆ ಅಂತ ಮಕ್ಕಳಿಗೆ ನಗು.

ಕ್ಲಾಸ್ ಹೇಗಿರುತ್ತದೆ? ಸ್ವಲ್ಪ ಬಿಡಿಸಿ ಹೇಳಿ.

ಒಂದು ಕೋಣೆ, ಒಂದು ಬಿಳಿ ಹಲಗೆ, ಗ್ಯಾಸ್ ಹೀಟರ್. ಡಿಸೆಂಬರಿನಿಂದ ಅಲ್ಲಿ ಮೈ ಕೊರೆಯುವ ಚಳಿ. ಮುಂಬಯಿಯವರು ಸ್ವೆಟರ್ ಒಂದು ಸಾಕು ಅಂದುಕೊಂಡು ಹೋಗಬೇಡಿ. ಅಮ್ಮಾನಿನಲ್ಲಿ ಕೆಲವು ವರ್ಷ ಹಿಮವೂ ಬೀಳುತ್ತದೆ.

ಎಂಟು ವರ್ಷದವರೂ ಹದಿಮೂರರವರೂ ಒಂದೇ ಕಡೆ. ಹದಿಮೂರರ ಹುಡುಗನಿಗೆ ಅಕ್ಷರ ಬರುವುದಿಲ್ಲ, ಎಂಟರವಳು ಓದುತ್ತಾಳೆ. ಅವನಿಗೆ ನಾಚಿಕೆ. ಅಂಥವನನ್ನು ಹಲಗೆಯ ಮುಂದೆ ನಿಲ್ಲಿಸಲೇಬಾರದು. ನಾನು ಅವನಿಗೆ ಹಾಜರಿ ಪುಸ್ತಕ ಕೊಟ್ಟುಬಿಡುತ್ತೇನೆ. ಹೆಸರು ಕೂಗುವುದು ಅವನ ಕೆಲಸ. ಎಲ್ಲರ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತೇನೆ. ಯಾರು ಎಲ್ಲಿ ಕೂರುತ್ತಾರೆ ಅಂತ ಗೊತ್ತಿದ್ದು ಮೊದಲು ಅಂದಾಜಿನ ಮೇಲೆ ಕೂಗುತ್ತಾನೆ. ಬರಬರುತ್ತಾ ಅಕ್ಷರ ನೋಡಿಯೇ ಕೂಗುತ್ತಾನೆ.

ಅರಬ್ಬಿಯಲ್ಲಿ 'ಪ' ಇಲ್ಲ. ಪೆನ್ಸಿಲ್ ಬೆನ್ಸಿಲ್ ಆಗುತ್ತದೆ. ಒಂದು ಬೆರಳಗಲದ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿಸುತ್ತೇನೆ. 'ಬ' ಅಂದರೆ ಕಾಗದ ಅಲ್ಲಾಡುವುದಿಲ್ಲ. 'ಪ' ಅಂದರೆ ಹಾರುತ್ತದೆ. ಆ ದಿನ ಪೂರ್ತಿ ಕೋಣೆಯಲ್ಲಿ ಕಾಗದ ಹಾರಿಸುವುದೇ ಕೆಲಸ. ಹೀಗೆ ಗಲಾಟೆ ಆಗಬೇಕು. ಸುಮ್ನೆ ಕೂತ ಮಗುವಿನ ಬಗ್ಗೆ ನನಗೆ ಜಾಸ್ತಿ ಚಿಂತೆ.

ಕೆಲವು ಮಕ್ಕಳು ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ. ಬಲವಂತ ಮಾಡಬಾರದು, ಬೆಂಚನ್ನೇ ತಿರುಗಿಸಿದರಾಯಿತು. ಬಾಗಿಲು ದಢಾರನೆ ಹಾಕಬಾರದು. ನಾಳೆ ಏನು ಪಾಠ ಅಂತ ಇವತ್ತೇ ಹೇಳಿರಬೇಕು, ಹೇಳಿದಂತೆ ಮಾಡಬೇಕು. ಈ ಮಕ್ಕಳ ಬದುಕಿನಲ್ಲಿ ಹೇಳಿದಂತೆ ನಡೆದದ್ದು ಕಡಿಮೆ.

ರಾತ್ರಿ ಶಾಲೆಯಲ್ಲಿ ಪಾಠ ಮಾಡಿದ ಅನುಭವ ನನಗೆ ಇಲ್ಲಿ ಕೈ ಹಿಡಿಯಿತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಗೊತ್ತಲ್ಲ? ಊರಿನಿಂದ ಬಂದ ಹುಡುಗರು ಹಗಲೆಲ್ಲಾ ಹೋಟೆಲು, ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಸ್ನಾನ ಮಾಡಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನಿದ್ದೆ ಎಳೆಯುತ್ತಿರುವ ಹುಡುಗನಿಗೆ ಹೇಗೆ ಪಾಠ ಮಾಡಬೇಕು ಅಂತ ಯಾವ ಬಿ.ಎಡ್. ಪುಸ್ತಕವೂ ನನಗೆ ಹೇಳಿರಲಿಲ್ಲ. ಹಿರಿಯ ಮಾಸ್ತರರೊಬ್ಬರು ಹೇಳಿಕೊಟ್ಟರು: ಮೊದಲ ಹತ್ತು ನಿಮಿಷ ಅವನು ಮಾತಾಡಲಿ, ನೀನು ಕೇಳು. ಅಮ್ಮಾನಿನಲ್ಲೂ ಶಾಲೆ ಮುಗಿಸಿ ಅಂಗಡಿಯಲ್ಲಿ ಮೂಟೆ ಹೊರುವ ಹುಡುಗರಿದ್ದಾರೆ.

ನಿಮ್ಮ ಕಥೆಯನ್ನು ಮಕ್ಕಳಿಗೆ ಹೇಳುತ್ತೀರಾ?

ಅವರಾಗಿ ಕೇಳಿದರೆ ಎರಡು ಮಾತು. ಅದಕ್ಕಿಂತ ಹೆಚ್ಚಿಲ್ಲ. ನಾನೂ ಡೇರೆಯಲ್ಲಿ ಇದ್ದೆ, ಈಗ ನೋಡು ಟೀಚರ್ ಆಗಿದ್ದೇನೆ ಅಂತ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ನನಗೆ ವಿಮಾನ ಬಂದಿತ್ತು. ಅದನ್ನು ಮುಚ್ಚಿಟ್ಟು, ಕಷ್ಟಪಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಹೇಳಲು ನನ್ನಿಂದ ಆಗುವುದಿಲ್ಲ. ಅವರ ಕಥೆಯನ್ನು ಕೆದಕಿ ಕೇಳುವುದೂ ಇಲ್ಲ. ಹೇಳಿದರೆ ಕೇಳುತ್ತೇನೆ. ತುಂಬಾ ಭಾರದ್ದು ಹೇಳಿದರೆ ಕೇಂದ್ರದಲ್ಲಿರುವ ಸಲಹೆಗಾರರಿಗೆ ತಿಳಿಸುತ್ತೇನೆ.

ದೊಡ್ಡವರ ಜೊತೆ ಮಾತ್ರ ನನ್ನ ಹಳೆಯ ಕಥೆ ಬಾಗಿಲು ತೆಗೆಸುತ್ತದೆ. ರುವೈಶಿದ್ ಅಂದ ಕೂಡಲೇ ತಾಯಂದಿರ ಮುಖ ಬದಲಾಗುತ್ತದೆ. ಪುದೀನಾ ಹಾಕಿದ ಚಹಾ ಬರುತ್ತದೆ. ಆಮೇಲೆ ಮಗಳನ್ನು ಕ್ಲಾಸಿಗೆ ಕಳಿಸಲು ಅಷ್ಟು ಹಿಂಜರಿಯುವುದಿಲ್ಲ.

ಬಿ.ಎಡ್. ಆಗಿರಬೇಕಾ?

ಆಗಿದ್ದರೆ ಒಳ್ಳೆಯದು. ಆಗಿಲ್ಲದಿದ್ದರೆ ಕನಿಷ್ಠ ಒಂದೆರಡು ವರ್ಷ ಇಲ್ಲೇ ಎಲ್ಲಾದರೂ ಪಾಠ ಮಾಡಿರಿ. ಅಲ್ಲಿನ ಮಕ್ಕಳ ಮೇಲೆ ಪಾಠ ಹೇಳಲು ಕಲಿಯುವುದು ಸರಿಯಲ್ಲ. ತುರ್ತು ಸ್ಥಿತಿಯಲ್ಲಿ ಶಿಕ್ಷಣ ಹೇಗಿರಬೇಕು ಅಂತ ಐಎನ್‌ಇಇ ಎಂಬ ಜಾಗತಿಕ ಜಾಲ 2004ರಲ್ಲೇ ಕನಿಷ್ಠ ಮಟ್ಟಗಳ ಕೈಪಿಡಿ ತಂದಿದೆ. ಪುಕ್ಕಟೆಯಾಗಿ ಓದಲು ಸಿಗುತ್ತದೆ. ಹೋಗುವ ಮೊದಲು ಓದಿ.

ವೀಸಾ, ಕಾಗದ ಪತ್ರ ಏನು ಬೇಕು?

ನಿಯಮಗಳು ಬದಲಾಗುತ್ತಿರುತ್ತವೆ, ದೆಹಲಿಯ ಜೋರ್ಡಾನ್ ದೂತಾವಾಸದಲ್ಲೇ ಕೇಳಿ. ನಾನು ಹೇಳುವುದು ಇಷ್ಟೇ: ಮೊದಲು ಸಂಸ್ಥೆ, ಆಮೇಲೆ ಟಿಕೆಟ್. ಟೂರಿಸ್ಟ್ ಆಗಿ ಹೋಗಿ ಶಿಬಿರದ ಗೇಟಿನಲ್ಲಿ ನಿಂತು ಪಾಠ ಮಾಡುತ್ತೇನೆ ಅಂದರೆ ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಶಿಬಿರಕ್ಕೆ ಸರ್ಕಾರದ ಅನುಮತಿ ಬೇಕು, ಅದನ್ನು ಸಂಸ್ಥೆಯೇ ಮಾಡಿಸಬೇಕು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಮಾಡಿಸಿಕೊಳ್ಳಿ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ನೋಡದೆ ಸೇರಿಸಿಕೊಳ್ಳುವ ಸಂಸ್ಥೆ ಇದ್ದರೆ ಆ ಕಡೆ ತಲೆ ಹಾಕಬೇಡಿ.

ಖರ್ಚು ಯಾರು ನೋಡುತ್ತಾರೆ?

ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಲ್ಲಿ ಆಯ್ಕೆಯಾದರೆ ಜೀವನಕ್ಕೆ ಭತ್ಯೆ ಕೊಡುತ್ತಾರೆ, ಆದರೆ ಪೈಪೋಟಿ ಜಾಸ್ತಿ. ಸಣ್ಣ ಕೇಂದ್ರಗಳಲ್ಲಿ ನಿಮ್ಮ ಖರ್ಚು ನಿಮ್ಮದೇ. ಜೋರ್ಡಾನಿನ ದಿನಾರ್ ಡಾಲರಿಗಿಂತ ದುಬಾರಿ, ಒಂದು ದಿನಾರಿಗೆ ಸುಮಾರು 1.41 ಡಾಲರ್. ಬಾಡಿಗೆಯೇ ದೊಡ್ಡ ಹೊರೆ. ರೊಟ್ಟಿ, ಹಮ್ಮುಸ್, ಫಲಾಫೆಲ್ ತಿಂದುಕೊಂಡು ಸಸ್ಯಾಹಾರಿಗಳು ಆರಾಮಾಗಿ ಇರಬಹುದು. ನಾನು ನಿವೃತ್ತಿಗೆ ಮುಂಚೆಯೇ ಕೆಲಸ ಬಿಟ್ಟು, ಟ್ಯೂಷನ್ ಹಣ ಕೂಡಿಟ್ಟು ಹೋಗುತ್ತೇನೆ. ಜಾಸ್ತಿ ಹಣ ಕೇಳಿ 'ಸ್ವಯಂಸೇವೆ ಪ್ಯಾಕೇಜ್' ಮಾರುವವರಿಂದ ದೂರ ಇರಿ.

ಭಯ ಆಗಲ್ವಾ?

ಅಮ್ಮಾನಿನಲ್ಲಿ ರಾತ್ರಿ ಒಬ್ಬಳೇ ನಡೆದು ಬಂದಿದ್ದೇನೆ. ಸುತ್ತಲಿನ ದೇಶಗಳಲ್ಲಿ ಏನಾದರೂ ಆದಾಗ ವಿಮಾನಗಳು ನಿಲ್ಲುತ್ತವೆ, ಆಗ ಮನೆಯವರಿಗೆ ಗಾಬರಿ. ಭಾರತದ ದೂತಾವಾಸದಲ್ಲಿ ಹೆಸರು ಬರೆಸಿಡಿ, ಕೈಯಲ್ಲಿ ಸ್ವಲ್ಪ ಹಣ ಬೇರೆ ಇಟ್ಟಿರಿ. ಅಮ್ಮನಿಗೆ ದಿನಾ ಫೋನ್ ಮಾಡುತ್ತೇನೆ. ನಾನು ಅಲ್ಲಿಗೆ ಹೋಗುವುದು ಅವರಿಗೆ ಇಂದಿಗೂ ಇಷ್ಟವಿಲ್ಲ. ಅವರ ಮನಸ್ಸಿನಲ್ಲಿ ಆ ಊರು ಈಗಲೂ 1990ರಲ್ಲೇ ಇದೆ.

ನನಗೆ ದೀಪಾವಳಿಗೆ ಎರಡು ವಾರ ರಜೆ. ಬರಬಹುದಾ?

ಬೇಡ. ನೇರವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮಗು ನಿಮ್ಮ ಹೆಸರು ಕಲಿಯುವಷ್ಟರಲ್ಲಿ ನೀವು ಹೊರಟಿರುತ್ತೀರಿ. ಬಿಟ್ಟುಹೋದವರ ಪಟ್ಟಿ ಅವರ ಹತ್ತಿರ ಆಗಲೇ ಉದ್ದ ಇದೆ. ಒಂದು ಟರ್ಮ್ ಪೂರ್ತಿ ಇರಲು ಆಗುವವರು ಬನ್ನಿ.

ಎರಡು ವಾರವೇ ಇರುವುದಾದರೆ ಮಕ್ಕಳಿಗಲ್ಲ, ಅಲ್ಲಿನ ಟೀಚರುಗಳಿಗೆ ಉಪಯೋಗವಾಗಿ. ಅವರೂ ಎಷ್ಟೋ ಜನ ನಿರಾಶ್ರಿತರೇ. ಲೆಕ್ಕ ಬರೆಯುವುದು, ಪಾಠದ ಸಾಮಗ್ರಿ ಮಾಡುವುದು, ಕಂಪ್ಯೂಟರ್ ಸರಿಮಾಡುವುದು, ಇವಕ್ಕೆ ಯಾವಾಗಲೂ ಕೈ ಬೇಕು.

ಬಟ್ಟೆ, ಆಟಿಕೆ ಕಳಿಸಬಹುದಾ? ಮಕ್ಕಳ ಫೋಟೋ ಕಳಿಸುತ್ತೀರಾ?

ಎರಡಕ್ಕೂ ಇಲ್ಲ. ಸಾಗಾಟದ ಖರ್ಚಿನಲ್ಲಿ ಅಲ್ಲೇ ಕೊಂಡುಕೊಳ್ಳಬಹುದು. ಫೋಟೋ ಎಲ್ಲಿ ಹೋಗಿ ಯಾರ ಕಣ್ಣಿಗೆ ಬೀಳುತ್ತದೋ, ಅವರ ಬಂಧುಗಳು ಇನ್ನೂ ಬಿಟ್ಟುಬಂದ ದೇಶದಲ್ಲೇ ಇದ್ದಾರೆ.

ಇಲ್ಲೇ ಮುಂಬಯಿಯಲ್ಲಿ ಬಡ ಮಕ್ಕಳಿಲ್ವಾ?

ಇದ್ದಾರೆ, ಬೇಕಾದಷ್ಟು ಇದ್ದಾರೆ. ಇಲ್ಲಿ ಪಾಠ ಮಾಡುವವರನ್ನು ಕಂಡರೆ ನನಗೆ ತುಂಬಾ ಗೌರವ, ಊರಿನಲ್ಲಿದ್ದಾಗ ನಾನೂ ಮಾಡುತ್ತೇನೆ. ಆದರೆ ಈ ಪ್ರಶ್ನೆ ಕೇಳುವವರಿಗೆ ಒಂದು ನೆನಪು ಮಾಡುತ್ತೇನೆ. ಡೊಂಬಿವಲಿಯಿಂದ ಕಲ್ಯಾಣ್ ದಾಟಿದರೆ ಉಲ್ಲಾಸನಗರ. ಅಲ್ಲಿನ ವಿಳಾಸಗಳಲ್ಲಿ ಇವತ್ತಿಗೂ ಕ್ಯಾಂಪ್ ನಂಬರ್ ಇರುತ್ತದೆ. ಅದು ಕಲ್ಯಾಣ್ ಕ್ಯಾಂಪ್ ಆಗಿತ್ತು, ಸೈನ್ಯದ ಬ್ಯಾರಕ್ಕುಗಳು. ದೇಶ ಒಡೆದಾಗ ಸಿಂಧಿನಿಂದ ಓಡಿಬಂದವರನ್ನು ಅಲ್ಲಿ ಇಟ್ಟರು. 1949ರಲ್ಲಿ ಊರಿನ ಹೆಸರು ಬಂತು. ಅವರಿಗೂ ಯಾರೋ ಹೊರಗಿನವರು ಮೊದಲ ದಿನಗಳಲ್ಲಿ ಅನ್ನ ಕೊಟ್ಟರು, ಪಾಠ ಹೇಳಿದರು. ನಮ್ಮವರು, ಹೊರಗಿನವರು ಅನ್ನುವ ಗೆರೆ ಎಳೆದಿದ್ದರೆ ರುವೈಶಿದ್‌ನಲ್ಲಿ ನನಗೂ ರೊಟ್ಟಿ ಸಿಗುತ್ತಿರಲಿಲ್ಲ.

ಸಿರಿಯಾದವರು ಈಗ ವಾಪಸ್ ಹೋಗುತ್ತಿದ್ದಾರಲ್ಲ, ಇನ್ನೂ ಟೀಚರ್ ಬೇಕಾ?

2024ರ ಡಿಸೆಂಬರಿನಲ್ಲಿ ಅಸಾದ್ ಆಡಳಿತ ಬಿದ್ದ ಮೇಲೆ ತುಂಬಾ ಜನ ಹೊರಟಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದೊಂದಾಗಿ ಇಲ್ಲವಾಗುತ್ತವೆ. ಕೆಲವರು ಹೇಳಿ ಹೋಗುತ್ತಾರೆ, ಕೆಲವರು ಶನಿವಾರದ ರಜೆ ಮುಗಿದು ಭಾನುವಾರ ಬರುವುದೇ ಇಲ್ಲ. ಸಂತೋಷದ ವಿಷಯವೇ. ಆದರೂ ಮನೆ ಬಿದ್ದುಹೋದವರು, ಕೆಲಸ ಇಲ್ಲದವರು, ಅಲ್ಲಿ ಶಾಲೆ ತೆರೆಯಲಿ ಅಂತ ಕಾಯುವವರು ಇನ್ನೂ ಇದ್ದಾರೆ. ಸುಡಾನ್, ಯೆಮೆನ್‌ನವರಿಗೆ ಹೋಗುವ ಮಾತೇ ಇಲ್ಲ. ಅವರ ಬಗ್ಗೆ ಸುದ್ದಿಯೂ ಕಡಿಮೆ, ಹಣವೂ ಕಡಿಮೆ. ಹೊಸದಾಗಿ ಬರುವವರು ಈ ಮಕ್ಕಳ ಕಡೆ ಮೊದಲು ನೋಡಬೇಕು ಅಂತ ನನ್ನ ಅಭಿಪ್ರಾಯ.

ಹೊರಡುವ ಮಕ್ಕಳಿಗೆ ಏನು ಕಲಿತರು, ಎಷ್ಟು ತಿಂಗಳು ಬಂದರು ಅಂತ ಬರೆದು, ಕೇಂದ್ರದ ಸೀಲು ಹಾಕಿ ಕೊಡುತ್ತೇವೆ. ಅದಕ್ಕೆ ಸರ್ಕಾರಿ ಬೆಲೆ ಇಲ್ಲದಿರಬಹುದು. ಆದರೂ ತಾಯಂದಿರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಡಿಸದೆ, ಬಟ್ಟೆಗಳ ನಡುವೆ ಇಟ್ಟುಕೊಳ್ಳುತ್ತಾರೆ.

ನನಗೆ ಹೋಗಲು ಆಗುವುದಿಲ್ಲ. ಇಲ್ಲಿಂದಲೇ ಏನು ಮಾಡಬಹುದು?

ಆನ್‌ಲೈನ್ ಪಾಠ. ಜೋರ್ಡಾನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಸಂಜೆ ಆರು. ಆಫೀಸು ಮುಗಿಸಿ ಊಟಕ್ಕೆ ಮುಂಚೆ ಒಂದು ಗಂಟೆ ಕೊಡಬಹುದು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಮ್ಮ ಭಾನುವಾರ ಅವರಿಗೆ ಕೆಲಸದ ದಿನ, ನೆನಪಿರಲಿ. ದೊಡ್ಡ ಹುಡುಗ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಮಾತಾಡುವ ಅಭ್ಯಾಸ ಬೇಕಾಗಿದೆ, ಕಾಲೇಜು ಅರ್ಜಿ ತುಂಬಿಸಲು ಸಹಾಯ ಬೇಕಾಗಿದೆ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಲ್ಲೂ ಆನ್‌ಲೈನ್ ಕೆಲಸಗಳಿವೆ, 18 ದಾಟಿದವರು ಹೆಸರು ನೋಂದಾಯಿಸಬಹುದು.

ಪುಣೆಯಲ್ಲಿರುವವರಿಗೆ ಇನ್ನೂ ಸುಲಭ. ಅಫ್ಘಾನಿಸ್ತಾನ, ಯೆಮೆನ್, ಸುಡಾನಿನಿಂದ ಬಂದ ವಿದ್ಯಾರ್ಥಿಗಳು ಆ ಊರಿನ ಕಾಲೇಜುಗಳಲ್ಲಿದ್ದಾರೆ. ಊರಿನಲ್ಲಿ ಯುದ್ಧ ಶುರುವಾದರೆ ಇವರಿಗೆ ಹಣ ಬರುವುದು ನಿಲ್ಲುತ್ತದೆ, ವೀಸಾದ ಚಿಂತೆ ಶುರುವಾಗುತ್ತದೆ. ಬಾಡಿಗೆಗೆ ಮನೆ ಕೊಡುವಾಗ ಮುಖ ತಿರುಗಿಸಬೇಡಿ. ಹಬ್ಬದ ದಿನ ಊಟಕ್ಕೆ ಕರೆಯಿರಿ.

ಕಲಿಕಾ ಕೇಂದ್ರಗಳಿಗೆ ಪತ್ರ ಬರೆಯುವಾಗ ನಿಮಗೆ ಎಷ್ಟು ಕನಿಕರ ಇದೆ ಅಂತ ಬರೆಯಬೇಡಿ. ಯಾವ ವಿಷಯ ಕಲಿಸಬಲ್ಲಿರಿ, ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ತಿಂಗಳವರೆಗೆ, ಇಷ್ಟನ್ನು ಬರೆಯಿರಿ. ಉತ್ತರ ಬರಲು ತಡವಾಗಬಹುದು, ಅಲ್ಲಿ ಇಬ್ಬರೋ ಮೂವರೋ ಎಲ್ಲವನ್ನೂ ನೋಡುತ್ತಿರುತ್ತಾರೆ. ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ.